ಲಿಯೋನ್: ಮಗ್ಗದ ಗುಡ್ಡದಲ್ಲೊಂದು ಬಿಸಿಲ ದಿನ

ಶುಕ್ರವಾರ

ಸ್ಟ್ರಾಸ್‌ಬೋರ್ಗ್‌ನಿಂದ ಹೊರಟ ರೈಲು ಲಿಯೋನಿನ ಪಾರ್-ದ್ಯೂ ನಿಲ್ದಾಣ ಮುಟ್ಟಿದಾಗ ಸಂಜೆ ಏಳು ದಾಟಿತ್ತು. ಮೇ ತಿಂಗಳು. ಬಿಸಿಲು ಇನ್ನೂ ಗೋಡೆಗಳ ಮೇಲೇ ಕೂತಿತ್ತು.

ಜರ್ಮನಿಯಲ್ಲಿ ಮಗಳ ಬಾಣಂತನ ಮುಗಿಸಿದ್ದೆ. ಬೀಗಿತ್ತಿ ಬಂದು ಮಗುವಿನ ಜವಾಬ್ದಾರಿ ವಹಿಸಿಕೊಂಡರು. ಊರಿಗೆ ಹೋಗುವ ವಿಮಾನ ಪ್ಯಾರಿಸ್ಸಿನಿಂದ. "ಪ್ಯಾರಿಸ್‌ನಲ್ಲೇ ಇನ್ನೆರಡು ದಿನ ಹೆಚ್ಚಿಗೆ ಇರಿ ಅಮ್ಮಾ" ಎಂದು ಮಗಳು ಹೇಳಿದರೂ ಲಿಯೋನ್ ಬೇಕು ಎಂದು ಹಟ ಹಿಡಿದವಳು ನಾನೇ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಬೆಳೆದವಳು ನಾನು. ಮಗ್ಗದ ಮೇಲೆ ಕೂತು ಹೂಬಳ್ಳಿ ಮೂಡಿಸುವ ಜಕಾರ್ಡ್ ಯಂತ್ರ ಕೆಟ್ಟು ನಿಂತ ದಿನ ನಮ್ಮ ಮನೆಯಲ್ಲಿ ಅಪ್ಪನ ಮುಖ ನೋಡಲು ಯಾರಿಗೂ ಧೈರ್ಯವಿರುತ್ತಿರಲಿಲ್ಲ. ಆ ಜಕಾರ್ಡ್ ಹುಟ್ಟಿದ್ದು ಫ್ರಾನ್ಸಿನ ಈ ಊರಲ್ಲಿ. ಇಷ್ಟು ಹತ್ತಿರ ಬಂದು ನೋಡದೆ ಹೋದರೆ ಹೇಗೆ?

ನಮ್ಮ ಯಜಮಾನರಿಗೆ ಮಗ್ಗದ ನಂಟಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಎಲ್ಲಿ ಹೋದರೂ ಲೆಕ್ಕ ಹಾಕುವವರು. "ಸರಿ ಕಣೇ, ಆದ್ರೆ ಓಡೋದು ಬೇಡ. ಒಂದೇ ದಿನದಲ್ಲಿ ಹತ್ತು ಜಾಗ ತೋರಿಸ್ಬೇಡ" ಎಂದು ಷರತ್ತು ಹಾಕಿದ್ದರು. ಆ ಷರತ್ತು ನನಗೂ ಹಿತವೇ. ರಾತ್ರಿ ಹೋಟೆಲಿನ ಕೋಣೆಯಲ್ಲಿ ಮಗಳು ಕಟ್ಟಿಕೊಟ್ಟಿದ್ದ ಚಪಾತಿ ತಿಂದು ಮಲಗಿದೆವು.

ಶನಿವಾರ

ಬ್ರೆಡ್ಡು, ಬೆಣ್ಣೆ, ಜಾಮಿನ ತಿಂಡಿ ಮುಗಿಸಿ ಒಂಬತ್ತಕ್ಕೆ ಹೊರಬಿದ್ದೆವು. ಆಕಾಶದಲ್ಲಿ ಒಂದು ಚೂರೂ ಮೋಡವಿಲ್ಲ. ನಾವು ಇಳಿದುಕೊಂಡಿದ್ದು ತೆರ್ರೋ ಚೌಕದ ಪಕ್ಕದ ಓಣಿಯಲ್ಲಿ. ಚೌಕದ ಒಂದು ಬದಿಗೆ ಹದಿನೇಳನೇ ಶತಮಾನದ ನಗರಸಭೆ ಕಟ್ಟಡ, ಇನ್ನೊಂದು ಬದಿಗೆ ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿರುವ ಕಲಾ ಸಂಗ್ರಹಾಲಯ. ಇವೆರಡರ ನಡುವೆ ರಥ ಎಳೆಯುವ ನಾಲ್ಕು ಕುದುರೆಗಳ ದೊಡ್ಡ ಕಾರಂಜಿ. ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯನ್ನು ಮಾಡಿದ ಬಾರ್ತೋಲ್ದಿಯದೇ ಕೆಲಸ. ಬೋರ್ಡೋ ನಗರಕ್ಕೆಂದು ರೂಪಿಸಿದ್ದು, ಅವರಿಗೆ ಖರ್ಚು ಭಾರವಾಯಿತು, ಲಿಯೋನಿನವರು ಕೊಂಡು 1892ರಲ್ಲಿ ಇಲ್ಲಿ ನಿಲ್ಲಿಸಿದರು. ಸೆಕೆಂಡ್ ಹ್ಯಾಂಡ್ ಮಾಲು ಎಂದೆ ನಾನು. "ಸೆಕೆಂಡ್ ಹ್ಯಾಂಡ್ ಅಲ್ಲ, ಕ್ಯಾನ್ಸಲ್ಡ್ ಆರ್ಡರ್" ಎಂದು ಯಜಮಾನರು ತಿದ್ದಿ ಹೇಳಿದರು.

ಊರಿನ ನಕ್ಷೆ ಅರ್ಥವಾಗುವುದು ಸುಲಭ. ಪಶ್ಚಿಮಕ್ಕೆ ಸೋನ್ ನದಿ, ಪೂರ್ವಕ್ಕೆ ರೋನ್ ನದಿ, ನಡುವೆ ನಾಲಿಗೆಯಂತೆ ಚಾಚಿದ ನೆಲ. ದಕ್ಷಿಣದ ತುದಿಯಲ್ಲಿ ಎರಡೂ ಕೂಡುತ್ತವೆ. ಗುಡ್ಡಗಳೂ ಎರಡು. ಸೋನ್ ಆಚೆಗಿನ ಫುರ್ವಿಯೇರ್ ಪ್ರಾರ್ಥನೆ ಮಾಡುವ ಗುಡ್ಡ, ಉತ್ತರದ ಕ್ರುವಾ-ರೂಸ್ ದುಡಿಯುವ ಗುಡ್ಡ ಎಂದು ಇಲ್ಲಿನವರ ಮಾತು. ಬಂದವರೆಲ್ಲ ಮೊದಲು ಓಡುವುದು ಪ್ರಾರ್ಥನೆಯ ಗುಡ್ಡಕ್ಕೆ. ನಾವು ದುಡಿಮೆಯದನ್ನು ಹತ್ತಿದೆವು.

ಹತ್ತಿದೆವು ಅಂದರೆ ಮೆಟ್ರೊ ಹತ್ತಿಸಿತು. ಸಿ ಲೈನಿನ ಈ ರೈಲಿಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ, ಗಾಡಿಯ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಮೇಲೇರುತ್ತದೆ. ನಡುವಿನ ಕ್ರುವಾ-ಪಾಕೆ ನಿಲ್ದಾಣದಲ್ಲಿ ಪ್ಲಾಟ್‌ಫಾರಮ್ಮೇ ಓರೆ. ಕಾಯುತ್ತಿದ್ದ ಹುಡುಗನೊಬ್ಬ ಒಂದು ಮೊಣಕಾಲು ಮಡಿಸಿ ಇನ್ನೊಂದು ನೆಟ್ಟಗೆ ಮಾಡಿ ನಿಂತಿದ್ದ, ದಿನಾ ಬರುವವನಿರಬೇಕು. ನೇಕಾರರನ್ನೂ ಅವರ ಸಾಮಾನನ್ನೂ ಹತ್ತಿಸಿ ಇಳಿಸಲು 1862ರಲ್ಲೇ ಈ ಗುಡ್ಡಕ್ಕೆ ಹಗ್ಗ ಎಳೆಯುವ ರೈಲು ಬಂದಿತ್ತು.

ಮೇಲೆ ಬಂದರೆ ಎದುರಿಗೇ ಜೋಸೆಫ್ ಮರೀ ಜಕಾರ್ಡನ ಪ್ರತಿಮೆ. ಶನಿವಾರವಾದ್ದರಿಂದ ರಸ್ತೆಯುದ್ದಕ್ಕೂ ಮರಗಳ ಕೆಳಗೆ ಸಂತೆ. ಈ ಸಂತೆಯಲ್ಲೇ ನಮಗೆ ಒಂದು ಗಂಟೆ ಹೋಯಿತು. ಚೆರ್ರಿ, ಸ್ಟ್ರಾಬೆರಿ, ಬೆರಳು ದಪ್ಪದ ಬಿಳಿ ಆಸ್ಪರಾಗಸ್, ಮೇಕೆ ಹಾಲಿನ ಪುಟ್ಟ ಪುಟ್ಟ ಚೀಸ್ ಬಿಲ್ಲೆಗಳು. ಮಾರುವವರು ಕೂಗುತ್ತಾರೆ, ಆದರೆ ಚೌಕಾಸಿಗೆ ಬಗ್ಗುವುದಿಲ್ಲ. ಚೆರ್ರಿ ಮಾರುವ ಹೆಂಗಸು ಯಜಮಾನರ ಕೈಗೆ ಎರಡು ಹಣ್ಣು ಇಟ್ಟು ರುಚಿ ನೋಡಿ ಎಂದು ಸನ್ನೆ ಮಾಡಿದಳು. ತಿಂದ ಮೇಲೆ ಕೊಳ್ಳದೆ ಇರುವಷ್ಟು ಗಟ್ಟಿ ಮನಸ್ಸು ಇವರದಲ್ಲ. ಅರ್ಧ ಕಿಲೋ ತೂಗಿಸಿದರು. ಪಕ್ಕದ ಬೇಕರಿಯಲ್ಲಿ ನಾನು ಗುಲಾಬಿ ಬಣ್ಣದ ಸಕ್ಕರೆ ಪಾಕ ಹತ್ತಿದ ಬಾದಾಮಿ ತುಂಬಿದ ಬ್ರಿಯೋಶ್ ಎಂಬ ಸಿಹಿ ಬ್ರೆಡ್ಡು ಕೊಂಡೆ. ಪ್ರಾಲೀನ್ ಎನ್ನುವ ಆ ಬಾದಾಮಿ ಈ ಊರಿನ ಗುರುತು. ಅಂಗಡಿಯ ಗಾಜಿನ ಹಿಂದೆಲ್ಲ ಅದೇ ಬಣ್ಣ. ಬ್ರಿಯೋಶಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪ್ರವಾಸದಲ್ಲಿ ಅಷ್ಟನ್ನು ಕಂಡೂ ಕಾಣದಂತೆ ಬಿಡುವುದು ನಮ್ಮಿಬ್ಬರ ನಡುವಿನ ಒಪ್ಪಂದ.

ಸಂತೆಯಿಂದ ಐದು ನಿಮಿಷ ನಡೆದರೆ ಇವ್ರಿ ಬೀದಿಯಲ್ಲಿ ಮೇಜೋಂ ದೆ ಕಾನ್ಯು, ಅಂದರೆ ನೇಕಾರರ ಮನೆ. ಕಾನ್ಯು ಎಂದರೆ ಲಿಯೋನಿನ ರೇಷ್ಮೆ ನೇಕಾರ. ಮುಂದೆ ಅಂಗಡಿ, ಹಿಂದೆ ಮಗ್ಗಗಳು. ಟಿಕೆಟ್ ಕೊಂಡವರನ್ನು ಒಂದು ಗುಂಪು ಮಾಡಿ ಒಳಗೆ ಕರೆದೊಯ್ದು ನೇಯ್ದು ತೋರಿಸುತ್ತಾರೆ.

ಬಾಗಿಲು ದಾಟುತ್ತಲೇ ನಾನು ನೋಡಿದ್ದು ಮೇಲಕ್ಕೆ. ಮರದ ಮಗ್ಗ, ಅದರ ನೆತ್ತಿಯ ಮೇಲೆ ಜಕಾರ್ಡ್ ಪೆಟ್ಟಿಗೆ, ಅಲ್ಲಿಂದ ಪಕ್ಕಕ್ಕೆ ಸರಪಣಿಯಾಗಿ ಇಳಿಬಿದ್ದ ತೂತಿನ ಅಟ್ಟೆಗಳು, ಅಂದರೆ ರಟ್ಟಿನ ಪಟ್ಟಿಗಳು. ಒಂದೊಂದು ಅಟ್ಟೆಯನ್ನೂ ಮುಂದಿನದಕ್ಕೆ ದಾರದಿಂದ ಹೊಲಿದಿದೆ. ತೋರಿಸುತ್ತಿದ್ದಾತ ಕಾಲಲ್ಲಿ ಮಣೆ ಒತ್ತಿದ. ಮೇಲಿನ ಪೆಟ್ಟಿಗೆ ತಿರುಗಿ ಒಂದು ಅಟ್ಟೆ ಸೂಜಿಗಳ ಎದುರು ಬಂದು ನಿಂತಿತು. ತೂತಿರುವ ಕಡೆ ಸೂಜಿ ಒಳಹೊಕ್ಕಿತು, ಅದರ ಕೊಕ್ಕೆಗೆ ಕಟ್ಟಿದ ಹಾಸಿನ ಎಳೆ ಮೇಲೆದ್ದಿತು. ತೂತಿಲ್ಲದ ಕಡೆಯ ಎಳೆಗಳು ಕೆಳಗೇ ಉಳಿದವು. ನಡುವಿನ ಸಂದಿಯಲ್ಲಿ ಲಾಳಿ ಹಾಯಿತು. ಒಂದು ಹೊಕ್ಕು ಮುಗಿಯಿತು. ಇನ್ನೊಮ್ಮೆ ಮಣೆ, ಇನ್ನೊಂದು ಅಟ್ಟೆ. ಆ ಸದ್ದಿಗೆ ಇಲ್ಲಿಯವರು ಬಿಸ್ತಾನ್‌ಕ್ಲಾಕ್-ಪಾಂ ಎನ್ನುತ್ತಾರಂತೆ. ನನ್ನ ಪಕ್ಕದಲ್ಲಿದ್ದ ಮಕ್ಕಳು ಅದನ್ನೇ ಹೇಳಿ ಹೇಳಿ ನಗುತ್ತಿದ್ದವು. ನನಗೆ ನಗು ಬರಲಿಲ್ಲ. ಕಾಲು ತಾನಾಗಿ ತಾಳ ಹಾಕುತ್ತಿತ್ತು.

ಇದಕ್ಕೆ ಮುಂಚೆ ಹೂಬಳ್ಳಿ ನೇಯಬೇಕಾದರೆ ಮಗ್ಗದ ಪಕ್ಕದಲ್ಲಿ ಒಂದು ಮಗು ನಿಂತು ಹಗ್ಗಗಳನ್ನು ಎಳೆಯಬೇಕಿತ್ತು. 1804ರ ಹೊತ್ತಿಗೆ ಜಕಾರ್ಡ್ ಆ ಕೆಲಸವನ್ನು ತೂತಿನ ಅಟ್ಟೆಗೆ ವಹಿಸಿದ. ಬುದ್ಧಿ ಪೂರ್ತಿ ಅವನದಲ್ಲ. ಇದೇ ಊರಿನ ಬಾಸಿಲ್ ಬೂಶೋಂ 1725ರಲ್ಲೇ ತೂತು ಮಾಡಿದ ಕಾಗದದ ಸುರುಳಿ ಬಳಸಿದ್ದ, ನಡುವೆ ಇನ್ನಿಬ್ಬರು ಸುಧಾರಿಸಿದ್ದರು. ಜಕಾರ್ಡ್ ಎಲ್ಲವನ್ನೂ ಸೇರಿಸಿ, ಒಬ್ಬನೇ ನೇಕಾರ ನಡೆಸಬಲ್ಲ ಮಗ್ಗ ಮಾಡಿದ. ಅವನು ತೀರಿಕೊಂಡ ಮೇಲೆ ಲಿಯೋನಿನಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಸುಮಾರು 24,000 ಅಟ್ಟೆ ಹಿಡಿದ ನೇಯ್ಗೆ ಅದು. ಇಂಗ್ಲೆಂಡಿನಲ್ಲಿ ಲೆಕ್ಕದ ಯಂತ್ರದ ಕನಸು ಕಾಣುತ್ತಿದ್ದ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದನಂತೆ. ಬೆಂಗಳೂರಿನಲ್ಲಿ ಕೋಡ್ ಬರೆದು ಸಂಬಳ ಎಣಿಸುವ ನಮ್ಮ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಗುಂಪು ಅಂಗಡಿಯ ಕಡೆ ಸರಿದ ಮೇಲೆ ನಾನು ನೇಯುತ್ತಿದ್ದಾತನ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಕೇಳಿದೆ: "ಆಗ ನೂಲು ಯಾರದು? ಮಗ್ಗ ಯಾರದು?"

ಮಗ್ಗ ನೇಕಾರನದು, ನೂಲು ಮತ್ತು ವಿನ್ಯಾಸ ವ್ಯಾಪಾರಿಯದು. ನೇಯ್ದು ಕೊಟ್ಟಷ್ಟಕ್ಕೆ ಕೂಲಿ. ಕೂಲಿಯ ದರ ಹೇಳುವುದು ವ್ಯಾಪಾರಿ.

"ಗೊತ್ತಾಯ್ತೇನ್ರೀ?" ಎಂದು ಯಜಮಾನರ ಕಡೆ ತಿರುಗಿದೆ. "ನಮ್ಮ ಅಪ್ಪನೂ ಹೀಗೇ. ಸಾಹುಕಾರ್ರು ನೂಲು ಕೊಡೋರು, ಸೀರೆ ತಗೊಂಡು ಹೋಗೋರು, ಬಣ್ಣ ಸರಿ ಇಲ್ಲ ಅಂತ ದುಡ್ಡು ಮುರಿಯೋರು."

ನಾನು ಕನ್ನಡದಲ್ಲಿ ಆಡಿದ್ದನ್ನು ಕೇಳಿ ಆತ ಏನೆಂದು ವಿಚಾರಿಸಿದ. ಹೇಳಿದೆ. ಮಗ್ಗ ನಿಲ್ಲಿಸಿ ಕಿರುಬೆರಳಲ್ಲಿ ಹಾಸಿನ ಎಳೆಗಳನ್ನು ನೇವರಿಸುತ್ತ, ನಮ್ಮಲ್ಲಿ ಸೀರೆಗೆ ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದ. ಕೈಮಗ್ಗವೋ ಪವರ್‌ಲೂಮೋ ಎಂದು ನಾನು ತಿರುಗಿ ಕೇಳಿದೆ. ಹೀಗೆ ಹತ್ತು ನಿಮಿಷ. ಹೂವಿನ ವಿನ್ಯಾಸ ಕತ್ತರಿಸಿ ಮೂಡಿಸಿದ ವೆಲ್ವೆಟ್ ಆದರೆ ಇಡೀ ದಿನ ಕೂತರೂ ಕೆಲವೇ ಸೆಂಟಿಮೀಟರ್ ಎಂದ. ಯಜಮಾನರು ಪಾಪ, ಚೆರ್ರಿ ಚೀಲ ಹಿಡಿದುಕೊಂಡು ನಿಂತೇ ಇದ್ದರು.

ಹೊರಗೆ ಬಂದ ಮೇಲೆ ಬೀದಿಯ ಮನೆಗಳು ಬೇರೆಯಾಗಿ ಕಾಣತೊಡಗಿದವು. ಒಂದೊಂದು ಅಂತಸ್ತೂ ಸುಮಾರು ನಾಲ್ಕು ಮೀಟರ್ ಎತ್ತರ. ಕಿಟಕಿಗಳು ಉದ್ದುದ್ದ, ಒತ್ತೊತ್ತಾಗಿ. ಎತ್ತರದ ಜಕಾರ್ಡ್ ಮಗ್ಗ ಹಿಡಿಸಬೇಕು, ರೇಷ್ಮೆಯ ಎಳೆ ಕಾಣುವಷ್ಟು ಬೆಳಕು ಬೇಕು. ಅದಕ್ಕೆಂದೇ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ ಮನೆಗಳು. ಸಂಸಾರಕ್ಕೆ ಉಳಿದದ್ದು ಅದೇ ಕೋಣೆಯ ಮೂಲೆಯಲ್ಲಿ ಹಲಗೆ ಬಡಿದು ಮಾಡಿದ ಅಟ್ಟ. ಅಲ್ಲೇ ನಿದ್ದೆ. ನಮ್ಮ ಮನೆಯಲ್ಲೂ ಎತ್ತರ, ಬೆಳಕು, ಗಾಳಿ ಎಲ್ಲ ಮಗ್ಗಕ್ಕೆ. ನಾವು ಮಕ್ಕಳು ಅದರ ಪಕ್ಕದಲ್ಲಿ ಮಿಕ್ಕ ಜಾಗದಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೆವು. ಈಗ ಈ ಮನೆಗಳಿಗೆ ಭಾರೀ ಬೇಡಿಕೆ. ತೊಲೆ ಕಾಣುವ ಸೂರು ಎಂದು ಹೇಳಿ ಹೆಚ್ಚು ಬಾಡಿಗೆ ಕೇಳುತ್ತಾರಂತೆ.

1831ರ ಅಕ್ಟೋಬರಿನಲ್ಲಿ ಈ ನೇಕಾರರು ಸರ್ಕಾರಿ ಅಧಿಕಾರಿಯ ಎದುರು ವ್ಯಾಪಾರಿಗಳ ಜೊತೆ ಕೂತು ಕನಿಷ್ಠ ಕೂಲಿಯ ಪಟ್ಟಿ ಮಾಡಿಸಿದರು. ಹಲವು ವ್ಯಾಪಾರಿಗಳು ಅದಕ್ಕೆ ಸೊಪ್ಪು ಹಾಕಲಿಲ್ಲ. ನವೆಂಬರ್ 21ರಂದು ನೇಕಾರರು ಗುಡ್ಡ ಇಳಿದು ಬಂದರು. "ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ" ಎಂಬುದು ಅವರ ಘೋಷಣೆ. ಕೆಲವು ದಿನ ಊರೇ ಅವರ ಕೈಯಲ್ಲಿತ್ತು. ಪ್ಯಾರಿಸ್ಸಿನಿಂದ ದೊಡ್ಡ ಸೈನ್ಯ ಬಂತು, ಕೂಲಿಯ ಪಟ್ಟಿ ರದ್ದಾಯಿತು. 1834ರಲ್ಲಿ ಮತ್ತೆ ಎದ್ದಾಗ ನೂರಾರು ಜನ ಸತ್ತರು. ಯಜಮಾನರು ಇದನ್ನೆಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ಕೇಳಿದ್ದು ರೇಟ್ ಲಿಸ್ಟ್ ತಾನೇ, ರಾಜ್ಯ ಅಲ್ವಲ್ಲ" ಎಂದರು.

ಕಾನ್ಯು ಬುಲೆವಾರ್‌ನಲ್ಲಿ ಒಂದು ಗೋಡೆಯಿದೆ, 1,200 ಚದರ ಮೀಟರಿನದು. ಕಿಟಕಿಯೇ ಇಲ್ಲದ ಕುರುಡು ಗೋಡೆಯ ಮೇಲೆ ಇಡೀ ಕೇರಿಯನ್ನು ಬಿಡಿಸಿದ್ದಾರೆ: ಮೆಟ್ಟಿಲು, ಅಂಗಡಿ, ಎತ್ತರದ ಕಿಟಕಿಗಳು, ಜನ. 1987ರಲ್ಲಿ ಬಿಡಿಸಿ, 1997ರಲ್ಲೂ 2013ರಲ್ಲೂ ತಿದ್ದಿದರು. ತಿದ್ದುವಾಗ ಚಿತ್ರದಲ್ಲಿದ್ದವರಿಗೂ ವಯಸ್ಸಾಗಿಸಿದ್ದಾರೆ. ಎದುರಿನ ಬೆಂಚಿನಲ್ಲಿ ಕೂತು ಬ್ರಿಯೋಶ್ ಮುಗಿಸಿದೆವು. ನಮಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ, ಬಿಸಿಲು ಅಷ್ಟು ಹದವಾಗಿತ್ತು.

ಇಳಿಯುವಾಗ ಮೆಟ್ರೊ ಬಿಟ್ಟು ಕಾಲುನಡಿಗೆ. ಈ ಇಳಿಜಾರಿನಲ್ಲಿ ಬೀದಿಯಿಂದ ಬೀದಿಗೆ ಮನೆಗಳ ಹೊಟ್ಟೆಯೊಳಗಿಂದಲೇ ದಾರಿಗಳಿವೆ, ತ್ರಾಬೂಲ್ ಎನ್ನುತ್ತಾರೆ. ಯಾರದೋ ಮನೆಯ ಬಾಗಿಲು ತಳ್ಳಿ ಒಳಗೆ ಹೋದರೆ ಓಣಿ, ಅಂಗಳ, ಮೆಟ್ಟಿಲು, ಇನ್ನೊಂದು ಬಾಗಿಲು; ಹೊರಬಂದರೆ ಕೆಳಗಿನ ಬೀದಿ. ರೇಷ್ಮೆಯ ಥಾನು ಮಳೆಗೆ ನೆನೆಯದಂತೆ ಹೊತ್ತು ಇಳಿಸಲು ಅನುಕೂಲ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣು ತಪ್ಪಿಸಿ ಓಡಾಡುವವರಿಗೂ ಇವೇ ದಾರಿಗಳು ಆದವು. ಕೋಲ್ಬೇರ್ ಚೌಕದ 9ನೇ ನಂಬರಿನ ಬಾಗಿಲು ಹೊಕ್ಕರೆ ಕೂರ್ ದೆ ವೊರಾಸ್. ಆರು ಅಂತಸ್ತಿನ ಕಲ್ಲಿನ ಮೆಟ್ಟಿಲು ಅಂಗಳದ ಬಯಲಿಗೇ ತೆರೆದು ನಿಂತಿದೆ. ನೇಕಾರರು ಇಲ್ಲಿ ಬದುಕಿಗಾಗಿ, ಮರ್ಯಾದೆಗಾಗಿ ಹೋರಾಡಿದರು ಎಂದು ಒಂದು ಫಲಕ. ಮೇಲಿನ ಮಹಡಿಯಿಂದ ಯಾರೋ ಕುಕ್ಕರ್ ತೊಳೆಯುವ ಸದ್ದು. ಜನ ವಾಸವಿರುವ ಮನೆ ಇದು, ಗಲಾಟೆ ಮಾಡಬಾರದು. ಆದರೂ ಒಂದು ಪ್ರವಾಸಿ ತಂಡ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೋಗೆ ಕಿರುಚುತ್ತಿತ್ತು.

ಊಟಕ್ಕೆ ಒಂದು ಬೂಶೋಂ. ಹಾಗೆಂದರೆ ಲಿಯೋನಿನ ಹಳೇ ಶೈಲಿಯ ಪುಟ್ಟ ಊಟದ ಮನೆ, ಕೆಂಪು-ಬಿಳಿ ಚೌಕಳಿಯ ಮೇಜುಬಟ್ಟೆ. ಹಂದಿಯ ಮೂತಿಯಿಂದ ಹಿಡಿದು ಹಸುವಿನ ಜಠರದವರೆಗೆ ಎಲ್ಲವನ್ನೂ ಬೇಯಿಸುವ ಜಾಗದಲ್ಲಿ ನಮ್ಮಂಥವರಿಗೆ ಏನು? ಸೆರ್ವೆಲ್ ದ ಕಾನ್ಯು. ನೇಕಾರನ ಮಿದುಳು ಎಂಬ ಹೆಸರಿಗೆ ಹೆದರಬೇಡಿ. ಹಿಂಡಿದ ಗಟ್ಟಿ ಮೊಸರಿನಂಥ ಹಸಿ ಚೀಸಿಗೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಎಳೆ ಸೊಪ್ಪು, ಆಲಿವ್ ಎಣ್ಣೆ, ವಿನೆಗರ್ ಬೆರೆಸಿ ಉಪ್ಪು ಮೆಣಸು ಉದುರಿಸಿದ್ದು. ಬೇಯಿಸಿದ ಆಲೂಗಡ್ಡೆಯ ಜೊತೆ ಬಂತು. ಒಗ್ಗರಣೆ ಇಲ್ಲದ ಮೊಸರು ಬಜ್ಜಿ ಅಂದುಕೊಳ್ಳಿ. ಮಾಂಸಕ್ಕೆ ಕಾಸಿಲ್ಲದ ನೇಕಾರರ ಊಟವಾಗಿತ್ತಂತೆ. ಬಟ್ಟಲಿನ ತಳ ಕಾಣುವವರೆಗೂ ಯಜಮಾನರು ಬ್ರೆಡ್ಡಿನಲ್ಲಿ ಒರೆಸಿದರು. ಸಲಾಡಿನಿಂದ ಹಂದಿಮಾಂಸದ ತುಂಡು ತೆಗೆಸುವುದಕ್ಕೆ ಮಾತ್ರ ಎರಡು ಸಲ ಹೇಳಬೇಕಾಯಿತು. ಕೊನೆಗೆ ಪ್ರಾಲೀನ್ ಟಾರ್ಟ್, ಕಡುಗುಲಾಬಿ, ಅತಿ ಸಿಹಿ. ಇಬ್ಬರಿಗೆ ಒಂದೇ ಸಾಕು.

ಮಧ್ಯಾಹ್ನದ ಫುರ್ವಿಯೇರನ್ನು ಚುಟುಕಾಗಿ ಹೇಳುತ್ತೇನೆ. ಸೋನ್ ದಾಟಿ ಹಳೇ ಲಿಯೋನ್. ಸೇಂಟ್ ಜಾನ್ ಕೆಥೆಡ್ರಲ್ಲಿನಲ್ಲಿ ಹದಿನಾಲ್ಕನೇ ಶತಮಾನದಿಂದಲೂ ಇರುವ ಖಗೋಳ ಗಡಿಯಾರ. ನಾಲ್ಕನೇ ಹೆನ್ರಿ ದೊರೆ 1600ರಲ್ಲಿ ಇಲ್ಲೇ ಮದುವೆಯಾದ. ಹತ್ತಿರದಿಂದಲೇ ಹಗ್ಗದ ರೈಲು, ಮೆಟ್ರೊ ಟಿಕೆಟ್ಟೇ ನಡೆಯುತ್ತದೆ. ಮೇಲಿನ ಬೆಸಿಲಿಕಾ 1870ರ ಯುದ್ಧದಲ್ಲಿ ಪ್ರಷ್ಯದ ಸೈನ್ಯ ಲಿಯೋನಿಗೆ ಬರದಿದ್ದರೆ ಕಟ್ಟಿಸುತ್ತೇವೆ ಎಂಬ ಹರಕೆಯದು, 1872ರಲ್ಲಿ ಶುರು. ನಾಲ್ಕು ಮೂಲೆಗೆ ನಾಲ್ಕು ಗೋಪುರ. ಕಾಲು ಮೇಲೆ ಮಾಡಿ ಬಿದ್ದ ಆನೆ ಎಂದು ಊರವರೇ ಗೇಲಿ ಮಾಡುತ್ತಾರೆ. ಒಳಗೆ ಚಿನ್ನ, ಮೊಸಾಯಿಕ್, ಅಮೃತಶಿಲೆ ಎಲ್ಲೂ ಬಿಡುವಿಲ್ಲ. ನನಗೆ ಕಣ್ಣು ದಣಿಯಿತು. ಹಿಂದಿನ ಕಟ್ಟೆಯಿಂದ ಕಾಣುವ ಊರು ಮಾತ್ರ ಸೊಗಸು: ಕೆಂಚು ಹಂಚಿನ ಸೂರುಗಳು, ಬೆಲ್‌ಕೂರ್ ಚೌಕದ ಕೆಂಪು ನೆಲ, ಪೆನ್ಸಿಲ್ ಎಂದು ಕರೆಯುವ ಪಾರ್-ದ್ಯೂ ಗೋಪುರ. ತೀರಾ ತಿಳಿಯಾದ ದಿನ ಆಲ್ಪ್ಸ್ ಪರ್ವತಗಳ ಮೋಂ ಬ್ಲಾಂ ಶಿಖರ ಕಾಣುತ್ತದೆ. ಯಜಮಾನರು ಅದನ್ನು ಕಂಡೆ ಎನ್ನುತ್ತಾರೆ. ನನಗೆ ಕಂಡದ್ದು ಮೋಡ.

ಪಕ್ಕದಲ್ಲೇ ರೋಮನ್ನರ ಬಯಲು ರಂಗಮಂದಿರ. ಕ್ರಿಸ್ತಪೂರ್ವ 43ರಲ್ಲಿ ಲುಗ್ದುನುಮ್ ಎಂಬ ಹೆಸರಲ್ಲಿ ಈ ಊರು ಹುಟ್ಟಿತು, ಕೆಲವು ದಶಕಗಳಲ್ಲೇ ಈ ಕಲ್ಲಿನ ಮೆಟ್ಟಿಲುಗಳು ಎದ್ದವು. ಚಕ್ರವರ್ತಿ ಕ್ಲಾಡಿಯಸ್ ಹುಟ್ಟಿದ್ದೂ ಇಲ್ಲೇ. ಬೇಸಿಗೆಯ ಸಂಗೀತ-ನಾಟಕೋತ್ಸವಕ್ಕೆ ಕೆಲಸಗಾರರು ಕಬ್ಬಿಣದ ಕಂಬ ಜೋಡಿಸುತ್ತಿದ್ದರು. ಬೆಚ್ಚಗಿನ ಕಲ್ಲಿಗೊರಗಿ ಯಜಮಾನರು ಟೋಪಿ ಮುಖಕ್ಕೆ ಮುಚ್ಚಿಕೊಂಡು ಗಡದ್ದಾಗಿ ನಿದ್ದೆ ಹೊಡೆದರು. ಎಬ್ಬಿಸಲಿಲ್ಲ. ಉಳಿದ ಚೆರ್ರಿ ನನ್ನದಾಯಿತು.

ಸಂಜೆ ರೋನ್ ದಂಡೆ. ಒಂದು ಕಾಲದಲ್ಲಿ ಇಲ್ಲಿ ಕಾರು ನಿಲ್ಲಿಸುತ್ತಿದ್ದರಂತೆ. 2007ರಲ್ಲಿ ಅವನ್ನೆಲ್ಲ ತೆಗೆದು ಐದು ಕಿಲೋಮೀಟರ್ ಉದ್ದಕ್ಕೆ ನಡೆಯುವವರಿಗೂ ಸೈಕಲ್ಲಿಗೂ ಬಿಟ್ಟುಕೊಟ್ಟರು. ಕಟ್ಟೆಗಳ ಮೇಲೆ ಊರಿಗೂರೇ ಕೂತಿತ್ತು. ಬಗೆಟ್ ಬ್ರೆಡ್ಡು ಸೀಳಿ, ಬೆಣ್ಣೆ ಸವರಿ, ಚೀಲದ ತಳದಲ್ಲಿದ್ದ ಚಟ್ನಿಪುಡಿ ಉದುರಿಸಿದೆ. ಪಕ್ಕದಲ್ಲಿ ಕೂತಿದ್ದ ಹುಡುಗ ಹುಡುಗಿ ವಾಸನೆಗೆ ತಿರುಗಿ ನೋಡಿದರು. ಒಂದು ತುಂಡು ಕೊಟ್ಟೆ. ಹುಡುಗ ಧಾರಾಳವಾಗಿ ಕಚ್ಚಿ, ಕೆಮ್ಮಿ, ಇನ್ನೂ ಸ್ವಲ್ಪ ಕೇಳಿದ. ಒಂಬತ್ತಾದರೂ ಬೆಳಕಿತ್ತು.

ಭಾನುವಾರ

ಬೆಳಿಗ್ಗೆ ತೆತ್ ದೋರ್ ಪಾರ್ಕಿನಲ್ಲಿ ಒಂದು ಸುತ್ತು. 1857ರಷ್ಟು ಹಳೆಯದು, 117 ಹೆಕ್ಟೇರ್, ಕೆರೆ, ಗುಲಾಬಿ ತೋಟ, ಮೃಗಾಲಯ, ಒಂದಕ್ಕೂ ಟಿಕೆಟ್ಟಿಲ್ಲ. ಗುಲಾಬಿಗೆ ಇನ್ನೂ ಎರಡು ವಾರ ಬೇಕಿತ್ತು ಅನ್ನಿಸಿತು.

ಕೈಯಲ್ಲಿ ನೇಕಾರರ ಮನೆಯ ಅಂಗಡಿಯಲ್ಲಿ ಕೊಂಡ ಒಂದು ಕಿರಿದಾದ ರೇಷ್ಮೆ ಸ್ಕಾರ್ಫ್. ಅದರ ಬೆಲೆಯನ್ನು ಯಜಮಾನರು ಪಾರ್-ದ್ಯೂ ಪ್ಲಾಟ್‌ಫಾರಮ್ಮಿನಲ್ಲಿ ರೂಪಾಯಿಗೆ ತಿರುಗಿಸಿ, "ಈ ದುಡ್ಡಿಗೆ ನಿಮ್ಮೂರಲ್ಲಿ ಸೀರೇನೇ ಬರತ್ತಲ್ಲೇ" ಎಂದರು.

"ಬರತ್ತೆ. ನೇಯ್ದೋರಿಗೆ ಎಷ್ಟು ಸಿಗತ್ತೆ ಅಂತ ಲೆಕ್ಕ ಹಾಕಿ ನೋಡೋಣ" ಎಂದೆ.

ರೈಲು ಬಂತು. ಎರಡು ತಾಸಿಗೆ ಪ್ಯಾರಿಸ್. ಅದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಬರೆಯುವುದಿಲ್ಲ.